ನಾಲ್ವರು ಸೇರಿ ಕಟ್ಟಿದ ಕಾಬೂಲ್‌ನ ತಾಯಿ-ಮಕ್ಕಳ ಆಸ್ಪತ್ರೆ: ಹೊರಗಿನವರು ಹೋದರೆ ಉಳಿಯುತ್ತದೆಯೇ?

ಪ್ರಶ್ನೆ: ಕಾಬೂಲ್‌ನಲ್ಲಿ ಫ್ರಾನ್ಸ್ ಹೆಸರಿನ ಒಂದು ತಾಯಿ-ಮಕ್ಕಳ ಆಸ್ಪತ್ರೆ ಇದೆ, ಎರಡು ಸರ್ಕಾರಗಳೂ ಎರಡು ಸಂಸ್ಥೆಗಳೂ ಸೇರಿ ಅದನ್ನು ನಡೆಸುತ್ತವೆ ಎಂದು ಓದಿದೆ. ನಾಲ್ಕು ಜನ ಯಜಮಾನರಿರುವ ಆಸ್ಪತ್ರೆ ನಡೆಯುವುದಾದರೂ ಹೇಗೆ? ಅಷ್ಟು ಬಡ ದೇಶದಲ್ಲಿ ರೋಗಿಗಳಿಂದ ದುಡ್ಡು ತೆಗೆದುಕೊಳ್ಳುತ್ತಾರಂತೆ, ಅದು ಸರಿಯೇ? ಹೊರಗಿನವರು ಹೊರಟುಹೋದರೆ ಇಂಥ ಆಸ್ಪತ್ರೆ ಉಳಿಯುತ್ತದೆಯೇ? ನಮ್ಮ ಗೆಳೆಯರ ಬಳಗ ಇಂಥದ್ದೊಂದಕ್ಕೆ ದೇಣಿಗೆ ಕೊಡುವ ಯೋಚನೆಯಲ್ಲಿದೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನೀವು ಕೇಳುತ್ತಿರುವುದು ಫ್ರೆಂಚ್ ಮೆಡಿಕಲ್ ಇನ್‌ಸ್ಟಿಟ್ಯೂಟ್ ಫಾರ್ ಮದರ್ಸ್ ಅಂಡ್ ಚಿಲ್ಡ್ರನ್ ಬಗ್ಗೆ. ಚಿಕ್ಕದಾಗಿ ಎಫ್‌ಎಂಐಸಿ ಅನ್ನುತ್ತಾರೆ. ನಿಮ್ಮ ಮೂರನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಈಗಾಗಲೇ ಒಂದು ಪರೀಕ್ಷೆ ನಡೆದಿದೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಸೇರಿತು. ಅನೇಕ ರಾಯಭಾರ ಕಚೇರಿಗಳು ಮುಚ್ಚಿದವು, ಬ್ಯಾಂಕುಗಳಲ್ಲಿ ಹಣ ಸಿಗದಾಯಿತು, ವಿದೇಶಿಯರು ಸಾಲುಗಟ್ಟಿ ವಿಮಾನ ಹತ್ತಿದರು. ಆಗಲೂ ಈ ಆಸ್ಪತ್ರೆ ಬಾಗಿಲು ಮುಚ್ಚಲಿಲ್ಲ. ಹಾಗೆ ಉಳಿದದ್ದು ಕಟ್ಟಡದ ಗಟ್ಟಿತನದಿಂದಲ್ಲ, ಫ್ರಾನ್ಸ್‌ನ ಹೆಸರಿನಿಂದಲೂ ಅಲ್ಲ. ರಾತ್ರಿ ಪಾಳಿಯಲ್ಲಿ ಮಗುವಿನ ಹಾಸಿಗೆಯ ಪಕ್ಕ ನಿಲ್ಲುವವರು ಅಷ್ಟು ಹೊತ್ತಿಗೆ ಆಫ್ಘನ್ನರೇ ಆಗಿದ್ದರು. ನನ್ನ ಉತ್ತರದ ತಿರುಳು ಇಷ್ಟೇ. ಉಳಿದದ್ದು ಇದರ ವಿವರಣೆ.

ಇಂಥ ಆಸ್ಪತ್ರೆ ಅಲ್ಲಿ ಏಕೆ ಬೇಕಾಯಿತು ಎಂಬುದನ್ನು ಮೊದಲು ನೋಡೋಣ. 2002ರಲ್ಲಿ ಆಫ್ಘನ್ ಆರೋಗ್ಯ ಸಚಿವಾಲಯ, ಯುನಿಸೆಫ್ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸೇರಿ ನಾಲ್ಕು ಕಡೆ ಮನೆಮನೆಗೆ ಹೋಗಿ ತಾಯಂದಿರ ಸಾವಿನ ಲೆಕ್ಕ ತೆಗೆದವು. ಒಂದು ಲಕ್ಷ ಜೀವಂತ ಜನನಕ್ಕೆ ಕಾಬೂಲ್ ನಗರದಲ್ಲಿ 418 ತಾಯಂದಿರು ಸಾಯುತ್ತಿದ್ದರು. ಕಂದಹಾರ್ ಪ್ರಾಂತ್ಯದ ಮೈವಂದ್‌ನಲ್ಲಿ ಈ ಸಂಖ್ಯೆ 2,182. ಬದಖ್ಶಾನ್‌ನ ಗುಡ್ಡಗಾಡಿನ ರಾಘ್ ಜಿಲ್ಲೆಯಲ್ಲಿ 6,507! ಇಡೀ ದೇಶಕ್ಕೆ ಅಂದಾಜು 1,600. ರಾಘ್‌ನ ಲೆಕ್ಕವನ್ನು ಬಿಡಿಸಿ ನೋಡಿದರೆ, ಸರಿಸುಮಾರು ಹದಿನೈದು ಹೆರಿಗೆಗೆ ಒಬ್ಬ ತಾಯಿ ಹೋಗುತ್ತಿದ್ದಳು. ಆರೇಳು ಸಲ ಬಸಿರಾಗುವ ಹೆಂಗಸಿನ ಬದುಕಿನಲ್ಲಿ ಈ ಅಪಾಯ ಎಷ್ಟು ಸಲ ಎದುರಾಗುತ್ತದೆ ಎಂದು ಯೋಚಿಸಿ. ಆ ಹೊತ್ತಿಗೆ ಇಡೀ ದೇಶದಲ್ಲಿದ್ದ ತರಬೇತಿ ಪಡೆದ ಮಿಡ್‌ವೈಫ್‌ಗಳು ಐನೂರಕ್ಕೂ ಕಡಿಮೆ.

ಮಕ್ಕಳ ಪರಿಸ್ಥಿತಿಯೂ ಇದಕ್ಕಿಂತ ಚೆನ್ನಾಗಿರಲಿಲ್ಲ. ಕಾಬೂಲ್‌ನಲ್ಲಿ ಭಾರತದ ನೆರವಿನಿಂದ ಬಹಳ ಹಿಂದೆಯೇ ಕಟ್ಟಿದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇತ್ತು, ಇಂದಿಗೂ ದೇಶದ ಮುಖ್ಯ ಸರ್ಕಾರಿ ಮಕ್ಕಳ ಆಸ್ಪತ್ರೆ ಅದೇ. ಆದರೆ ಎರಡು ದಶಕದ ಯುದ್ಧದಲ್ಲಿ ಎಲ್ಲವೂ ಸವೆದಿತ್ತು. ಹೃದಯದಲ್ಲಿ ರಂಧ್ರವಿದ್ದು ಹುಟ್ಟಿದ ಮಗುವಿಗೆ ದೇಶದೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವ ದಾರಿಯೇ ಇರಲಿಲ್ಲ. ಉಳ್ಳವರು ಪೆಶಾವರಕ್ಕೋ ದೆಹಲಿಗೋ ಹೋಗುತ್ತಿದ್ದರು. ಇಲ್ಲದವರು ಮಗುವನ್ನು ಮನೆಗೆ ಕರೆದೊಯ್ಯುತ್ತಿದ್ದರು.

ಕಥೆಯ ಇನ್ನೊಂದು ತುದಿ ಪ್ಯಾರಿಸ್‌ನಲ್ಲಿದೆ. ಹೃದಯ ಶಸ್ತ್ರಚಿಕಿತ್ಸಕ ಅಲೈನ್ ದೆಲೋಶ್ ಸ್ಥಾಪಿಸಿದ 'ಲಾ ಶೆನ್ ದ ಲೆಸ್ಪ್ವಾರ್' ಎಂಬ ಸಂಸ್ಥೆ ಮೊದಮೊದಲು ಬಡ ದೇಶಗಳ ಮಕ್ಕಳನ್ನು ಫ್ರಾನ್ಸಿಗೆ ಕರೆಸಿಕೊಂಡು ಆಪರೇಷನ್ ಮಾಡಿ ಕಳಿಸುತ್ತಿತ್ತು. ಒಂದು ಮಗುವನ್ನು ಸಾವಿರಾರು ಮೈಲು ಕರೆತಂದು, ಗೊತ್ತಿಲ್ಲದ ಮನೆಯಲ್ಲಿಟ್ಟು, ಗುಣಪಡಿಸಿ ಹಿಂದಕ್ಕೆ ಕಳಿಸುವುದು ದೊಡ್ಡ ಕೆಲಸವೇ. ಆದರೆ ಹಾಗೆ ಎಷ್ಟು ಮಕ್ಕಳನ್ನು ಕರೆತರಬಹುದು? ಅವರ ಕೆಲಸ ಕ್ರಮೇಣ ಮಕ್ಕಳಿರುವ ದೇಶದಲ್ಲೇ ಆಪರೇಷನ್ ಥಿಯೇಟರ್ ಕಟ್ಟುವ ಕಡೆ ತಿರುಗಿತು. ಮೊಜಾಂಬಿಕ್‌ನ ಮಪುಟೊ, ಕಾಂಬೋಡಿಯಾದ ನೋಮ್ ಪೆನ್ ಇದಕ್ಕೆ ಉದಾಹರಣೆ. 2001ರ ಕೊನೆಯಲ್ಲಿ ತಾಲಿಬಾನ್‌ನ ಮೊದಲ ಆಡಳಿತ ಬಿದ್ದಾಗ ಈ ಸಂಸ್ಥೆಯ ಶಸ್ತ್ರಚಿಕಿತ್ಸಕ ಎರಿಕ್ ಶೇಸೋನ್ ಮತ್ತು ಸಂಗಡಿಗರು ಕಾಬೂಲ್‌ಗೆ ಹೋದರು. ಫ್ರಾನ್ಸ್‌ನ ಟಿವಿ ವರದಿಗಾರ್ತಿ ಮರೀನ್ ಜಾಕ್ಮ್ಯಾಂ ಮತ್ತು ನಟಿ ಮ್ಯುರಿಯಲ್ ರೋಬ್ಯಾಂ ಸೇರಿ ಜನರ ಬಳಿ ದೇಣಿಗೆ ಎತ್ತಿದರು. ಅಂದರೆ ಈ ಆಸ್ಪತ್ರೆಯ ಮೊದಲ ಹಣ ಸರ್ಕಾರಿ ಖಜಾನೆಯಿಂದಷ್ಟೇ ಬಂದದ್ದಲ್ಲ, ಟಿವಿ ನೋಡಿ ಮನಕರಗಿದ ಸಾಮಾನ್ಯ ಜನರ ಜೇಬಿನಿಂದಲೂ ಬಂದದ್ದು. ದೇಣಿಗೆಯ ಯೋಚನೆಯಲ್ಲಿರುವ ನಿಮಗೆ ಇದು ಗೊತ್ತಿರಲಿ. 2006ರ ಏಪ್ರಿಲ್‌ನಲ್ಲಿ ಅಂದಿನ ಅಧ್ಯಕ್ಷ ಹಮೀದ್ ಕರ್ಜೈ ಸಮ್ಮುಖದಲ್ಲಿ ಆಸ್ಪತ್ರೆಯ ಉದ್ಘಾಟನೆಯಾಯಿತು.

ಈಗ ನಿಮ್ಮ 'ನಾಲ್ಕು ಯಜಮಾನರ' ಪ್ರಶ್ನೆ. ಪಾಲುದಾರರು ಆಫ್ಘನ್ ಸರ್ಕಾರ, ಫ್ರೆಂಚ್ ಸರ್ಕಾರ, ಲಾ ಶೆನ್ ದ ಲೆಸ್ಪ್ವಾರ್ ಮತ್ತು ಇಸ್ಮಾಯಿಲಿ ಮುಸ್ಲಿಮರ ಧಾರ್ಮಿಕ ನಾಯಕ ಆಗಾ ಖಾನ್ ಕಟ್ಟಿದ ಸೇವಾ ಸಂಸ್ಥೆಗಳ ಜಾಲವಾದ ಆಗಾ ಖಾನ್ ಡೆವಲಪ್‌ಮೆಂಟ್ ನೆಟ್‌ವರ್ಕ್. ನಿಮ್ಮ ಸಂಶಯ ಸಹಜವಾದದ್ದು. ಹಲವರು ಸೇರಿ ನಡೆಸುವ ಎಷ್ಟೋ ಸಂಸ್ಥೆಗಳು ಹೊಣೆ ಯಾರದೆಂದು ಗೊತ್ತಾಗದೆ ಸೊರಗಿವೆ. ಇಲ್ಲಿ ಹಾಗಾಗದಿರಲು ಕಾರಣ, ನಾಲ್ವರಿಗೂ ಒಂದೇ ಕೆಲಸ ಕೊಡಲಿಲ್ಲ. ಆಫ್ಘನ್ ಸರ್ಕಾರದ್ದು ಜಾಗ ಮತ್ತು ಮಾನ್ಯತೆ. ಫ್ರಾನ್ಸ್ ಸರ್ಕಾರದ್ದು, ಅದರ ಅಭಿವೃದ್ಧಿ ಸಂಸ್ಥೆಯ ಮೂಲಕ, ಹಣದ ದೊಡ್ಡ ಪಾಲು. ಶೆನ್‌ನವರದು ಶಸ್ತ್ರಚಿಕಿತ್ಸೆಯ ಕೌಶಲ ಮತ್ತು ತಜ್ಞರ ತಂಡಗಳು. ದಿನನಿತ್ಯದ ಆಡಳಿತ 2006ರಿಂದ ಆ ನೆಟ್‌ವರ್ಕ್‌ಗೇ ಸೇರಿದ ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಕೈಯಲ್ಲಿದೆ. ನೇಮಕ, ಸಂಬಳ, ಔಷಧ ಖರೀದಿ, ಯಂತ್ರಗಳ ರಿಪೇರಿ, ಸೋಂಕು ತಡೆ ಎಲ್ಲ ಅದರ ಜವಾಬ್ದಾರಿ. ಮಂಡಳಿಯಲ್ಲಿ ನಾಲ್ವರು ಕೂತು ಮಾತಾಡಲಿ, ಆದರೆ ಜನರೇಟರ್ ಕೈಕೊಟ್ಟಾಗ ಯಾರಿಗೆ ಫೋನ್ ಹೋಗಬೇಕು ಎಂಬುದರಲ್ಲಿ ಗೊಂದಲ ಇರಬಾರದು. ಆಸ್ಪತ್ರೆ ಆಡಳಿತ ಕಲಿಸುವಾಗ ನಾನು ಪಾಲುದಾರಿಕೆ ಒಪ್ಪಂದಗಳಲ್ಲಿ ಮೊದಲು ಹುಡುಕುವುದು ಇದನ್ನೇ.

ಆಗಾ ಖಾನ್ ವಿಶ್ವವಿದ್ಯಾಲಯವನ್ನು ಆರಿಸಿದ್ದೂ ಬಹಳ ಸರಿಯಾದ ನಿರ್ಧಾರ. 1980ರಲ್ಲಿ ಅದು ಮೊದಲು ತೆರೆದದ್ದು ನರ್ಸಿಂಗ್ ಶಾಲೆಯನ್ನು, ಮೆಡಿಕಲ್ ಕಾಲೇಜು ಆಮೇಲೆ ಬಂತು. ನರ್ಸುಗಳಿಲ್ಲದೆ ಆಸ್ಪತ್ರೆ ಇಲ್ಲ ಎಂಬುದನ್ನು ಬಲ್ಲ ಸಂಸ್ಥೆ ಅದು. ಕರಾಚಿ ಕಾಬೂಲ್‌ಗೆ ಪ್ಯಾರಿಸ್‌ಗಿಂತ ಎಷ್ಟೋ ಹತ್ತಿರ. ಪಾಕಿಸ್ತಾನದಲ್ಲಿ ನಿರಾಶ್ರಿತರಾಗಿ ಬೆಳೆದು ಮರಳಿದ ಅನೇಕ ಆಫ್ಘನ್ನರಿಗೆ ಉರ್ದು ಬರುತ್ತದೆ, ಕಲಿಸುವವರಿಗೂ ಕಲಿಯುವವರಿಗೂ ಮಧ್ಯೆ ದುಭಾಷಿ ಬೇಕಾಗುವುದಿಲ್ಲ. 2007ರಲ್ಲಿ ರೋಶನ್ ಎಂಬ ಆಫ್ಘನ್ ಮೊಬೈಲ್ ಕಂಪನಿಯ ನೆರವಿನಿಂದ ಕಾಬೂಲ್ ಮತ್ತು ಕರಾಚಿ ನಡುವೆ ಟೆಲಿಮೆಡಿಸಿನ್ ಸಂಪರ್ಕ ಶುರುವಾಯಿತು. ಮುಂದೆ ಬಾಮಿಯಾನ್, ಫೈಜಾಬಾದ್‌ನಂಥ ದೂರದ ಪ್ರಾಂತ್ಯಗಳ ಆಸ್ಪತ್ರೆಗಳೂ ಈ ಜಾಲಕ್ಕೆ ಸೇರಿದವು. ಚಳಿಗಾಲದಲ್ಲಿ ಹಿಮ ಬಿದ್ದು ಕಣಿವೆ ದಾರಿಗಳು ಮುಚ್ಚುವ ಊರಿನಲ್ಲಿ, ಈ ಮಗುವನ್ನು ಕಾಬೂಲ್‌ಗೆ ಸಾಗಿಸಲೇಬೇಕೋ ಇಲ್ಲೇ ನೋಡಿಕೊಳ್ಳಬಹುದೋ ಎಂದು ಒಬ್ಬ ತಜ್ಞರು ಎಕ್ಸ್‌ರೇ ನೋಡಿ ಹೇಳಿದರೆ, ಅದು ಆ ಕುಟುಂಬದ ಪಾಲಿಗೆ ಸಣ್ಣ ಸಹಾಯವಲ್ಲ.

ಹೃದಯ ಶಸ್ತ್ರಚಿಕಿತ್ಸೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಹೊರಗಿನ ನೆರವಿನ ಬಲವೂ ಮಿತಿಯೂ ಅಲ್ಲೇ ಚೆನ್ನಾಗಿ ಕಾಣುವುದು. ಫ್ಯಾಲೋ ಟೆಟ್ರಾಲಜಿ ಎಂಬ ಜನ್ಮಜಾತ ದೋಷವಿರುವ ಮಗುವಿನ ತುಟಿ, ಉಗುರು ನೀಲಿಗಟ್ಟಿರುತ್ತವೆ. ನಾಲ್ಕು ಹೆಜ್ಜೆ ಓಡಿದರೆ ಮಗು ಕುಕ್ಕರಗಾಲಿನಲ್ಲಿ ಕೂತುಬಿಡುತ್ತದೆ. ಹಾಗೆ ಕೂರು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕಾಲು ಮಡಚಿ ಕೂತಾಗ ಮೈಗೆ ಹರಿಯುವ ರಕ್ತಕ್ಕೆ ತಡೆ ಹೆಚ್ಚಿ, ಶ್ವಾಸಕೋಶದ ಕಡೆಗೆ ಸ್ವಲ್ಪ ಹೆಚ್ಚು ರಕ್ತ ಹೋಗುತ್ತದೆ, ಉಸಿರು ಹಗುರಾಗುತ್ತದೆ. ಮಗು ತಾನೇ ಕಂಡುಕೊಂಡ ಉಪಾಯ ಅದು. ಇಂಥ ಮಗುವಿಗೆ ಆಪರೇಷನ್ ಮಾಡಬೇಕಾದರೆ ಹೃದಯವನ್ನು ನಿಲ್ಲಿಸಿ, ಅಷ್ಟು ಹೊತ್ತು ಯಂತ್ರದ ಮೂಲಕ ರಕ್ತ ಹರಿಸಬೇಕು. ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್, ಮಕ್ಕಳ ಅರಿವಳಿಕೆ ತಜ್ಞರು, ಸರಿಯಾದ ಗುಂಪಿನ ತಾಜಾ ರಕ್ತ, ಪದೇ ಪದೇ ರಕ್ತ ಪರೀಕ್ಷಿಸುವ ಲ್ಯಾಬ್, ಕ್ಷಣ ಕೂಡ ತಪ್ಪದ ವಿದ್ಯುತ್ತು ಇವಿಷ್ಟೂ ಒಟ್ಟಿಗೆ ಬೇಕು.

ಪ್ಯಾರಿಸ್‌ನಿಂದ ಬಂದ ಸರ್ಜನ್ ಕೆಲವು ಗಂಟೆಗಳಲ್ಲಿ ತಮ್ಮ ಕೆಲಸ ಮುಗಿಸುತ್ತಾರೆ. ಆದರೆ ಮಗುವಿನ ಜೀವ ಉಳಿಯುತ್ತದೋ ಇಲ್ಲವೋ ತೀರ್ಮಾನವಾಗುವುದು ಅದರ ನಂತರದ ಎರಡು ಮೂರು ದಿನಗಳಲ್ಲಿ. ಎದೆಗೆ ಹಾಕಿದ ಕೊಳವೆಯಿಂದ ಗಂಟೆಗೆ ಎಷ್ಟು ರಕ್ತ ಬರುತ್ತಿದೆ, ಮೂತ್ರ ಎಷ್ಟು ಇಳಿಯುತ್ತಿದೆ, ಪಾದ ಬೆಚ್ಚಗಿದೆಯೋ ತಣ್ಣಗಾಗುತ್ತಿದೆಯೋ ಎಂದು ನೋಡುತ್ತಾ ಕೂರುವ ನರ್ಸ್‌ಗೆ, ಏನೋ ಸರಿಯಿಲ್ಲ ಅನಿಸಿದ ಕೂಡಲೇ ಡಾಕ್ಟರನ್ನು ಎಬ್ಬಿಸುವ ಧೈರ್ಯ ಮತ್ತು ಅಧಿಕಾರ ಎರಡೂ ಇರಬೇಕು. ಇದನ್ನು ಒಂದು ವಾರದ ಶಿಬಿರದಲ್ಲಿ ಕಲಿಸಲಾಗದು. ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದಾಗ ಮಾತ್ರ ಬರುತ್ತದೆ. ಎಫ್‌ಎಂಐಸಿಯಲ್ಲಿ ಫ್ರೆಂಚ್ ತಂಡಗಳು ಬಂದಾಗೆಲ್ಲ ಆಫ್ಘನ್ ವೈದ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಆಪರೇಷನ್ ಮಾಡಿದರು. ಮುಂದೆ ಅಲ್ಲೇ ಸ್ನಾತಕೋತ್ತರ ತರಬೇತಿಯೂ ಶುರುವಾಯಿತು. ಆಫ್ಘಾನಿಸ್ತಾನದಲ್ಲಿ ಜೆಸಿಐ ಎಂಬ ಅಂತರರಾಷ್ಟ್ರೀಯ ಗುಣಮಟ್ಟದ ಮಾನ್ಯತೆ ಮೊದಲು ಪಡೆದ ಆಸ್ಪತ್ರೆಯೂ ಇದೇ.

ಮೊದಲ ವರ್ಷಗಳಲ್ಲಿ ಇದು ಮಕ್ಕಳ ಆಸ್ಪತ್ರೆ ಮಾತ್ರ ಆಗಿತ್ತು, ಹೆಸರಿನಲ್ಲೂ 'ಮದರ್ಸ್' ಇರಲಿಲ್ಲ. ಸುಮಾರು ಒಂದು ದಶಕದ ಅನುಭವದ ನಂತರ ತಾಯಂದಿರ ವಿಭಾಗ ಸೇರಿತು. ಅದಕ್ಕೆ ಬಲವಾದ ವೈದ್ಯಕೀಯ ಕಾರಣವಿದೆ. ಹುಟ್ಟಿದ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳಲ್ಲಿ ಹೆಚ್ಚಿನವು ಅವಧಿಗೆ ಮುಂಚೆ ಹುಟ್ಟಿದವು, ಹುಟ್ಟುವಾಗ ಉಸಿರು ಸಿಕ್ಕದವು, ಇಲ್ಲವೇ ನಂಜು ತಗಲಿದವು. ಬೇರೆಲ್ಲೋ ಹುಟ್ಟಿ, ಚಳಿಯಲ್ಲಿ ಟ್ಯಾಕ್ಸಿಯಲ್ಲಿ ಬಂದು, ಮೈ ತಣ್ಣಗಾದ ಮೇಲೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ ತಲುಪಿದ ಕೂಸನ್ನು ಉಳಿಸುವುದು ಬಹಳ ಕಷ್ಟ. ಅದೇ ತಾಯಿ ಮೊದಲೇ ಆ ಆಸ್ಪತ್ರೆಯಲ್ಲಿದ್ದರೆ, ಹೆರಿಗೆಗೆ ಒಂದೆರಡು ದಿನ ಮುಂಚೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟು ಕೂಸಿನ ಶ್ವಾಸಕೋಶ ಬಲಿಯುವಂತೆ ಮಾಡಬಹುದು, ಹುಟ್ಟಿದ ಕೂಡಲೇ ಒರೆಸಿ ತಾಯಿಯ ಎದೆಗೆ ಹಾಕಬಹುದು. ಮಕ್ಕಳ ವೈದ್ಯರು ತಮ್ಮ ವಾರ್ಡಿನಲ್ಲಿ ಕಾಣುವ ಎಷ್ಟೋ ಸಾವುಗಳಿಗೆ ಕಾರಣ ಹೆರಿಗೆ ಕೋಣೆಯಲ್ಲಿರುತ್ತದೆ.

ಹಾಗಂತ ಈ ಆಸ್ಪತ್ರೆಯಿಂದಲೇ ಆಫ್ಘಾನಿಸ್ತಾನದಲ್ಲಿ ತಾಯಂದಿರ ಸಾವು ಇಳಿಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2020ಕ್ಕೆ ವಿಶ್ವಸಂಸ್ಥೆಯ ಅಂದಾಜು ಲಕ್ಷಕ್ಕೆ 620. ಇಷ್ಟು ಇಳಿಕೆಯ ಹೆಚ್ಚಿನ ಶ್ರೇಯ ಸಲ್ಲಬೇಕಾದ್ದು ಹಳ್ಳಿಗಳ ಮಿಡ್‌ವೈಫ್‌ಗಳಿಗೆ. ಹೆರಿಗೆಯ ನಂತರ ಕಸ (ಮಾಸು) ಪೂರ್ತಿ ಬೀಳದೆ ರಕ್ತ ಹರಿಯತೊಡಗಿದರೆ ಎರಡು ಗಂಟೆಯೊಳಗೆ ತಾಯಿ ಸಾಯಬಹುದು. ಬದಖ್ಶಾನ್‌ನಿಂದ ಕಾಬೂಲ್‌ಗೆ ಎರಡು ಗಂಟೆಯಲ್ಲಿ ಬರಲಾದೀತೇ? ಆ ತಾಯಿಯನ್ನು ಉಳಿಸುವುದು ಆಕೆಯ ಊರಿನಲ್ಲೇ ಇರುವ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚಲು ಬಲ್ಲ ಹೆಣ್ಣುಮಗಳು. 2003ರಿಂದ ಆಯಾ ಪ್ರಾಂತ್ಯದ ಹುಡುಗಿಯರನ್ನೇ ಆರಿಸಿ, ಕಲಿಸಿ, ಅವರ ಊರಿಗೇ ಕಳಿಸುವ ಕೆಲಸ ನಡೆಯಿತು. ದೊಡ್ಡ ಆಸ್ಪತ್ರೆ ಇರಬೇಕಾದ್ದು ಅವರ ಬೆನ್ನಿಗೆ. ಅವರ ಕೈಮೀರಿದ ಕೇಸುಗಳಿಗೂ ಅವರಿಗೆ ಕಲಿಸುವವರ ತರಬೇತಿಗೂ ಅದು ಬೇಕು.

ಶುಲ್ಕದ ವಿಷಯಕ್ಕೆ ಬರುತ್ತೇನೆ. ಹೌದು, ಎಫ್‌ಎಂಐಸಿ ಶುಲ್ಕ ತೆಗೆದುಕೊಳ್ಳುತ್ತದೆ, ಲಾಭ ಮಾಡುವುದಿಲ್ಲ. ಕಟ್ಟಲಾಗದ ಕುಟುಂಬಗಳಿಗೆ ರೋಗಿ ಕಲ್ಯಾಣ ನಿಧಿ ಇದೆ. ಮನೆಯ ಸ್ಥಿತಿ ವಿಚಾರಿಸಿ ಖರ್ಚಿನ ಒಂದು ಭಾಗವನ್ನೋ ಪೂರ್ತಿಯನ್ನೋ ನಿಧಿ ಭರಿಸುತ್ತದೆ. ಇದರ ಬಗ್ಗೆ ಪರ-ವಿರೋಧ ಎರಡೂ ಮಾತು ಕೇಳಿಬರುತ್ತವೆ. ನನ್ನ ಅಭಿಪ್ರಾಯ ಪರವಾಗಿದೆ, ಆದರೆ ಷರತ್ತಿನ ಮೇಲೆ. ಆಫ್ಘಾನಿಸ್ತಾನದ ಸರ್ಕಾರಿ ಆಸ್ಪತ್ರೆಗಳು ಕಾಗದದ ಮೇಲೆ ಉಚಿತ, ಆದರೂ ದೇಶದ ಒಟ್ಟು ಆರೋಗ್ಯ ವೆಚ್ಚದ ಸುಮಾರು ಮುಕ್ಕಾಲು ಪಾಲು ಜನ ತಮ್ಮ ಕೈಯಿಂದಲೇ ಹಾಕುತ್ತಿದ್ದರು. ವಾರ್ಡಿನಲ್ಲಿ ಔಷಧ ಇರುವುದಿಲ್ಲ, ಚೀಟಿ ಹಿಡಿದು ಅಪ್ಪ ಬಜಾರಿಗೆ ಓಡಬೇಕು, ತಂದ ಔಷಧ ಅಸಲಿಯೋ ನಕಲಿಯೋ ಗೊತ್ತಿಲ್ಲ. ಅದಕ್ಕಿಂತ ಮೊದಲೇ ತಿಳಿಸಿದ ಶುಲ್ಕ, ಇಲ್ಲದವರಿಗೆ ವಿನಾಯಿತಿ, ಒಳಗೆ ನಂಬಬಹುದಾದ ಔಷಧ ಎಷ್ಟೋ ಮೇಲು. ಸ್ವಲ್ಪವಾದರೂ ಸ್ವಂತ ಆದಾಯ ಇರುವ ಆಸ್ಪತ್ರೆ ಯಾವುದೋ ದೇಶದ ಸರ್ಕಾರ ಬದಲಾದ ಮಾತ್ರಕ್ಕೆ ಮುಚ್ಚಿಹೋಗುವುದಿಲ್ಲ.

ಷರತ್ತು ಏನೆಂದರೆ, ಆ ನಿಧಿಯ ಬಗ್ಗೆ ಬಡವರಿಗೆ ಗೇಟಿನಲ್ಲೇ ತಿಳಿಯಬೇಕು. ದುಡ್ಡಿಲ್ಲವೆಂದು ಊರಿನಿಂದ ಹೊರಡದೇ ಉಳಿದವರನ್ನು ಯಾವ ನಿಧಿಯೂ ಮುಟ್ಟುವುದಿಲ್ಲ. ದೂರದಿಂದ ಬರುವವರಿಗೆ ಚಿಕಿತ್ಸೆಯ ಖರ್ಚಿಗಿಂತ ಬಸ್ಸು, ಊಟ, ವಸತಿಯ ಖರ್ಚೇ ಭಾರ. ಲಾ ಶೆನ್ ದ ಲೆಸ್ಪ್ವಾರ್ ಇದನ್ನು ಅರಿತು ಆಸ್ಪತ್ರೆಯ ಹತ್ತಿರ ಮಕ್ಕಳ ಮನೆಯೊಂದನ್ನು ನಡೆಸಿತು. ಪ್ರಾಂತ್ಯಗಳಿಂದ ಬಂದ ಬಡ ಮಗು ಮತ್ತು ಜೊತೆಗೆ ಬಂದ ಹಿರಿಯರು ಆಪರೇಷನ್‌ಗೆ ಮುಂಚೆಯೂ ಆಮೇಲೂ ಅಲ್ಲಿ ಉಳಿಯಬಹುದಿತ್ತು. ನನ್ನ ಕಣ್ಣಿಗೆ ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ವಿವೇಕದ ಖರ್ಚು ಇದು.

ಹೊರಗಿನವರು ಹೋದರೆ ಏನಾಗುತ್ತದೆ ಎಂಬುದಕ್ಕೆ ಕಾಬೂಲ್‌ನಲ್ಲೇ ಇನ್ನೊಂದು ಉದಾಹರಣೆ ಇದೆ, ಬರೆಯಲು ಸಂಕಟವಾಗುತ್ತದೆ. ನಗರದ ಪಶ್ಚಿಮಕ್ಕೆ ಹಜಾರಾ ಜನ ಹೆಚ್ಚಾಗಿರುವ ದಶ್ತ್-ಎ-ಬರ್ಚಿಯ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಸ್‌ಎಫ್ ಎಂಬ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆ 2014ರಿಂದ ಹೆರಿಗೆ ವಾರ್ಡ್ ನಡೆಸುತ್ತಿತ್ತು. 2019ರಲ್ಲಿ ಅಲ್ಲಿ ಸುಮಾರು 16,000 ಹೆರಿಗೆಗಳಾಗಿದ್ದವು. 2020ರ ಮೇ 12ರ ಬೆಳಿಗ್ಗೆ ಬಂದೂಕುಧಾರಿಗಳು ನುಗ್ಗಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ತಾಯಂದಿರನ್ನು ಕೊಂದರು. ಸತ್ತವರಲ್ಲಿ ಒಬ್ಬ ಮಿಡ್‌ವೈಫ್ ಕೂಡ ಇದ್ದರು. ಮುಂದಿನ ತಿಂಗಳು ಎಂಎಸ್‌ಎಫ್ ಅಲ್ಲಿಂದ ಹಿಂದೆ ಸರಿಯಿತು. ಅವರನ್ನು ದೂರುವ ಮನಸ್ಸು ನನಗಿಲ್ಲ, ಅಂಥ ದಿನದ ನಂತರ ಸಿಬ್ಬಂದಿಯನ್ನು ಅದೇ ಜಾಗಕ್ಕೆ ಮರಳಿ ಕಳಿಸಿ ಎಂದು ಹೇಳುವ ಹಕ್ಕು ಯಾರಿಗಿದೆ? ಆದರೆ ಒಂದೇ ಸಂಸ್ಥೆಯ ಮೇಲೆ ನಿಂತ ಸೇವೆ ಆ ಸಂಸ್ಥೆಯ ಒಂದು ನಿರ್ಧಾರದಿಂದ ನಿಲ್ಲಬಹುದು ಎಂಬುದು ಅಲ್ಲಿ ಕಂಡಿತು. ಪಂಜ್‌ಶೀರ್ ಕಣಿವೆಯ ಅನಾಬಾದಲ್ಲಿ ಇಟಲಿಯ 'ಎಮರ್ಜೆನ್ಸಿ' ಸಂಸ್ಥೆ 2003ರಲ್ಲಿ ತೆರೆದ ಹೆರಿಗೆ ಆಸ್ಪತ್ರೆಯ ರೀತಿ ಬೇರೆ. ಅಲ್ಲಿ ಕಣಿವೆಯ ಹೆಣ್ಣುಮಕ್ಕಳನ್ನೇ ಕೆಲಸಕ್ಕೆ ತೆಗೆದುಕೊಂಡು ವರ್ಷಗಳ ಕಾಲ ತರಬೇತಿ ಕೊಟ್ಟರು. ಸುತ್ತಲಿನ ಮನೆಗಳವರು ಅದನ್ನು ತಮ್ಮದೆಂದು ಕಂಡರು. 2021ರಲ್ಲಿ ಆ ಕಣಿವೆಯಲ್ಲೇ ಕಾಳಗ ನಡೆದಾಗಲೂ ಅದು ತೆರೆದಿತ್ತು.

ಈಗ ಎಫ್‌ಎಂಐಸಿಗೂ ಅನಾಬಾಗೂ ಎದುರಾಗಿರುವ ಅಪಾಯ ದೇಶದ ಒಳಗಿನದು. 2022ರ ಡಿಸೆಂಬರ್‌ನಲ್ಲಿ ತಾಲಿಬಾನ್ ಆಡಳಿತ ಸ್ವಯಂಸೇವಾ ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡುವುದನ್ನು ನಿಷೇಧಿಸಿತು, ಆರೋಗ್ಯ ಕ್ಷೇತ್ರಕ್ಕೆ ವಿನಾಯಿತಿ ಸಿಕ್ಕಿತು. 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್ ಮತ್ತು ಮಿಡ್‌ವೈಫರಿ ಕಲಿಸುವ ಸಂಸ್ಥೆಗಳಿಗೂ ಹುಡುಗಿಯರು ಬರಬಾರದೆಂದಿತು. ಹೆಣ್ಣು ರೋಗಿಯನ್ನು ಹೆಣ್ಣೇ ನೋಡಬೇಕೆನ್ನುವ ಸಮಾಜದಲ್ಲಿ ಹೆಣ್ಣು ಕಲಿಯಬಾರದೆಂದರೆ, ಹೆರಿಗೆ ಮಾಡಿಸುವವರು ಯಾರು? ಇಂದು ಕೆಲಸದಲ್ಲಿರುವವರು ಇನ್ನೂ ಕೆಲವು ವರ್ಷ ಇರುತ್ತಾರೆ, ಅವರ ನಂತರ ಬರಬೇಕಾದವರು ಮನೆಯಲ್ಲಿ ಕೂತಿದ್ದಾರೆ. ನಾಲ್ಕಲ್ಲ, ನಲವತ್ತು ಪಾಲುದಾರರು ಸೇರಿದರೂ ಈ ಕೊರತೆಯನ್ನು ಹಣದಿಂದ ತುಂಬಲಾಗದು. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಸಾಧ್ಯವಿಲ್ಲ.

ನಿಮ್ಮ ಬಳಗದ ದೇಣಿಗೆಯ ಬಗ್ಗೆ ಕೊನೆಯದಾಗಿ. ಯಾವ ದೇಶದ ಯಾವ ಆಸ್ಪತ್ರೆಯೇ ಇರಲಿ, ಯಂತ್ರ ಕೊಡಿಸುವ ಆಸೆಯನ್ನು ಪಕ್ಕಕ್ಕಿಡಿ. ಯಂತ್ರಕ್ಕೆ ದಾನಿಗಳು ಸಿಗುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ಲ. ಬಿಡಿಭಾಗ, ರಿಪೇರಿ, ನರ್ಸುಗಳ ಸಂಬಳ, ರೋಗಿಗಳ ಬಸ್ ಖರ್ಚಿಗೆ ಕೊಡುವವರು ಕಡಿಮೆ. ಕೊಡುವ ಮುಂಚೆ ಸಂಸ್ಥೆಯನ್ನು ಕೇಳಿ: ದಿನನಿತ್ಯದ ಹೊಣೆ ಯಾರದು, ಸಿಬ್ಬಂದಿಯಲ್ಲಿ ಸ್ಥಳೀಯರು ಎಷ್ಟು, ಅದರಲ್ಲಿ ಹೆಂಗಸರು ಎಷ್ಟು, ಮುಖ್ಯ ಹುದ್ದೆಗಳಲ್ಲಿ ಅವರಿದ್ದಾರೆಯೇ, ಕಳೆದ ವರ್ಷ ವಿನಾಯಿತಿ ಪಡೆದ ರೋಗಿಗಳ ಲೆಕ್ಕ ತೋರಿಸುತ್ತೀರಾ. ತಡವರಿಸದೆ ಉತ್ತರಿಸಿದವರಿಗೆ, ಒಂದೇ ಸಲ ದೊಡ್ಡ ಮೊತ್ತ ಕೊಡುವ ಬದಲು ಪ್ರತಿವರ್ಷ ಕೊಡುತ್ತೇವೆಂದು ಬರೆದುಕೊಡಿ. ಮುಂದಿನ ವರ್ಷವೂ ಸಂಬಳ ಬರುತ್ತದೆಂಬ ಖಾತ್ರಿ ಇದ್ದರೆ ಮಾತ್ರ ಅವರು ಹೊಸಬರೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡು ಕಲಿಸಲು ಕೂರುತ್ತಾರೆ.